ಸೂಜಿಮೊನೆಯಷ್ಟು ಗಾಯ

ವಿಜ್ಞಾನದ ಪಾಠದಲ್ಲಿ ಸೆಮ್ಮೆಲ್‌ವೈಸ್ ಅವರ ಹೆಸರು ಬಂದಾಗಲೆಲ್ಲ ನಾನು ಮಕ್ಕಳಿಗೆ ಮೊದಲು ಅವರ ಗೆಳೆಯನ ಕಥೆಯನ್ನು ಹೇಳುತ್ತಿದ್ದೆ. 1847ರಲ್ಲಿ ವಿಯೆನ್ನಾದಲ್ಲಿ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಅವರ ಬೆರಳಿಗೆ ಗಾಯವಾಯಿತು. ನಂಜೇರಿ ಅವರು ಅಸುನೀಗಿದರು. ಬಾಣಂತಿ ಜ್ವರದಿಂದ ಸತ್ತ ತಾಯಂದಿರಲ್ಲಿ ಕಂಡ ಲಕ್ಷಣಗಳೇ ಅವರ ದೇಹದಲ್ಲಿಯೂ ಇದ್ದುದನ್ನು ಸೆಮ್ಮೆಲ್‌ವೈಸ್ ಗುರುತಿಸಿದರು. ವೈದ್ಯರು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಎರಡರ ಆಸುಪಾಸಿಗೆ ಇಳಿಯಿತು.

ಆ ಪ್ರಾಧ್ಯಾಪಕರಿಗೆ ಅಂದು ಯಾವ ಮದ್ದೂ ಇರಲಿಲ್ಲ. ಇಂದು ಸೂಜಿ ಚುಚ್ಚಿಸಿಕೊಂಡ ದಾದಿಗೆ, ಆಸ್ಪತ್ರೆಯ ಕಸ ಎತ್ತುವವರಿಗೆ ಮದ್ದಿದೆ. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ಚುಚ್ಚಿದ ಬಳಿಕ ಜಿಡೊವುಡಿನ್ ಸೇವಿಸಿದವರಲ್ಲಿ ಎಚ್‌ಐವಿ ಸೋಂಕಿನ ಸಂಭವ ನೂರಕ್ಕೆ 81ರಷ್ಟು ಕಡಿಮೆಯಿತ್ತೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಮಾಡಬೇಕಾದುದು ಸರಳ. ಗಾಯವನ್ನು ಸಾಬೂನು, ಹರಿಯುವ ನೀರಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಯಿಂದ ಹೀರಬಾರದು. ಕೂಡಲೇ ಮೇಲಿನವರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆಯುವ ಔಷಧ ಅಗತ್ಯವೆಂದು ವೈದ್ಯರು ಹೇಳಿದರೆ ಅದನ್ನು ಕೆಲವೇ ಗಂಟೆಗಳಲ್ಲಿ, ತಡವೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು.

ಎಚ್‌ಐವಿ ಇದ್ದವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸುಮಾರು 300ರಲ್ಲಿ ಒಬ್ಬರಿಗೆ. ಆದುದರಿಂದ ಹೆದರುವುದು ಬೇಡ. ಆದರೆ ಬೈಗುಳಕ್ಕೋ ನಾಚಿಕೆಗೋ ಅಂಜಿ ಮುಚ್ಚಿಡುವುದಂತೂ ಕೂಡದು. ಮುಚ್ಚಿಟ್ಟ ಗಾಯಕ್ಕೆ 1847ಕ್ಕೂ ಇಂದಿಗೂ ವ್ಯತ್ಯಾಸವಿಲ್ಲ.