ಬುರುಡೆ ತೆರೆದು ನೋಡಿದವರು

ಸೊರಗು ರೋಗ ಅಂದರೆ ನಮ್ಮ ರೈತರಿಗೆ ಟೊಮೆಟೊ, ಶುಂಠಿಯ ಮಾತು. ಬೆಳಿಗ್ಗೆ ನೆಟ್ಟಗಿದ್ದ ಗಿಡ ಸಂಜೆಗೆ ಜೋತುಬಿದ್ದಿರುತ್ತದೆ. ಜಿಂಕೆಗೂ ಒಂದು ಸೊರಗು ರೋಗವಿದೆ, ಆದರೆ ಅದಕ್ಕೆ ಅವಸರವಿಲ್ಲ. ಮೈ ಸೇರಿ ಒಂದೂವರೆ, ಎರಡು ವರ್ಷ ಸದ್ದಿಲ್ಲದೆ ಇರುತ್ತದೆ. ಮೈ ಇಳಿಯತೊಡಗಿದ ಮೇಲೆ ಜಿಂಕೆ ಬದುಕುವುದು ಕೆಲವೇ ತಿಂಗಳು. ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಪೆಥಾಲಜಿ ಹೇಳಿಕೊಟ್ಟವನು ನಾನು. ಈ ರೋಗದ ಚರಿತ್ರೆಯಷ್ಟು ಇನ್ಯಾವುದೂ ನನ್ನನ್ನು ಕಾಡಿಲ್ಲ.

1967. ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ ಸಂಶೋಧನೆಗೆಂದು ಮ್ಯೂಲ್ ಜಿಂಕೆಗಳನ್ನು ಸಾಕಿದ್ದರು. ಹೇಸರಗತ್ತೆಯಂಥ ಕಿವಿಯಿಂದಲೇ ಅವಕ್ಕೆ ಆ ಹೆಸರು. ಆ ಕಿವಿಗಳೇ ಜೋಲುಬಿದ್ದವು. ಬಾಯಲ್ಲಿ ಜೊಲ್ಲು, ತೀರದ ಬಾಯಾರಿಕೆ. ಬೇಲಿಯ ಅಂಚಿನಲ್ಲಿ ಅದೇ ದಾರಿಯಲ್ಲಿ ಹೋಗುವುದು, ಬರುವುದು. ಕೊನೆಗೆ ಎಲುಬಿನ ಹಂದರ. ಮೇವಿನ ದೋಷವೆಂದರು, ಕೂಡಿಹಾಕಿದ ಕೊರಗೆಂದರು, ವಿಷವಿರಬಹುದೆಂದರು. ಕಣ್ಣಿಗೆ ಕಂಡದ್ದು ಸೊರಗು, ಇಟ್ಟ ಹೆಸರೂ ಅದೇ.

ಹೀಗೆ ಹತ್ತು ವರ್ಷ ಕಳೆದ ಮೇಲೆ, ಅಲ್ಲಿ ಪೆಥಾಲಜಿ ಕಲಿಯುತ್ತಿದ್ದ ಎಲಿಜಬೆತ್ ವಿಲಿಯಮ್ಸ್ ಎಂಬ ಯುವ ಪಶುವೈದ್ಯೆ ಸತ್ತ ಜಿಂಕೆಗಳ ಮಿದುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಬಣ್ಣ ಕಟ್ಟಿದ ಮಿದುಳು ನಸುಗೆಂಪಾಗಿ, ನರಕೋಶಗಳು ಅದರಲ್ಲಿ ನೇರಳೆಯಾಗಿ ಕಾಣುತ್ತವೆ. ಆ ಕೋಶಗಳೊಳಗೆ ದುಂಡನೆಯ, ಅಂಚು ನುಣುಪಾದ ತೂತುಗಳು. ಕಾವಲಿಯ ಮೇಲೆ ದೋಸೆ ಕಣ್ಣು ಬಿಟ್ಟಂತೆ. ಮಿದುಳು ಸ್ಪಂಜಾಗುವ ರೋಗ ಇದೆಂದು 1978ರಲ್ಲಿ ಗುರುತಾಯಿತು. 1980ರಲ್ಲಿ ಸ್ಟುವರ್ಟ್ ಯಂಗ್ ಅವರೊಡನೆ ವಿಲಿಯಮ್ಸ್ ಅದನ್ನು ಪ್ರಕಟಿಸಿದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುರಿಗಾರರೊಬ್ಬರು ಬಡಕಲಾಗಿ ಸತ್ತ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಹೊಟ್ಟೆ ಕೊಯ್ದೆ, ಜಂತು ಕಂಡವು, ‘ಜಂತುಬಾಧೆ’ ಎಂದು ಬರೆದೆ. “ಸ್ವಾಮಿ, ಅದು ತಲೆ ವಾಲಿಸ್ಕೊಂಡು ಸುತ್ತುತಿತ್ತು” ಎಂದರು ಅವರು. ಬುರುಡೆ ತೆರೆಯಲು ಗರಗಸ ಬೇಕು, ಅರ್ಧ ಗಂಟೆ ಬೇಕು. ನಾನು ತೆರೆಯಲಿಲ್ಲ. ವಿಲಿಯಮ್ಸ್ ಹೆಸರು ಕೇಳಿದಾಗಲೆಲ್ಲ ಆ ಕುರಿ ನೆನಪಾಗುತ್ತದೆ.

ಆ ತೂತುಗಳನ್ನು ಕುರಿ ಕಾಯಿಲೆ ಬಲ್ಲವರು ಮೊದಲೇ ಕಂಡಿದ್ದರು. ಇಂಗ್ಲೆಂಡಿನ ಕುರಿಗಳು ಮೈ ತುರಿಸಿ, ಬೇಲಿಗೆ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಕೊಂಡು ಸಾಯುವ ‘ಸ್ಕ್ರೇಪಿ’ ಹದಿನೆಂಟನೆಯ ಶತಮಾನದಿಂದಲೇ ಗೊತ್ತಿತ್ತು. ಅದನ್ನು ಅಭ್ಯಸಿಸುತ್ತಿದ್ದ ವಿಲಿಯಂ ಹ್ಯಾಡ್ಲೋ 1959ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ‘ಕುರು’ ರೋಗಿಗಳ ಮಿದುಳಿನ ಚಿತ್ರ ನೋಡಿದರು. ಇದು ನಮ್ಮ ಮೈಮೇಲೇಳುವ ಕುರುವಲ್ಲ. ನ್ಯೂಗಿನಿಯ ಫೋರೆ ಜನರ ಮಾತಿನಲ್ಲಿ ನಡುಕ. ಸತ್ತ ಬಂಧುಗಳ ದೇಹವನ್ನು ತಿನ್ನುವ ಶೋಕಾಚರಣೆಯಿಂದ ಅದು ಹರಡುತ್ತಿತ್ತು. ಕುರಿಯ ಮಿದುಳಿನಲ್ಲೂ ಮನುಷ್ಯನ ಮಿದುಳಿನಲ್ಲೂ ಒಂದೇ ಬಗೆಯ ತೂತು! ಹ್ಯಾಡ್ಲೋ ‘ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದರು. ಕುರುವನ್ನು ಚಿಂಪಾಂಜಿಗೆ ದಾಟಿಸಿ ತೋರಿಸುವ ಪ್ರಯೋಗಕ್ಕೆ ದಾರಿಯಾದದ್ದು ಆ ಪತ್ರ.

ಇಂಥ ರೋಗಕ್ಕೆ ಕಾರಣ ರೋಗಾಣುವಲ್ಲ, ಪ್ರೋಟೀನು ಎಂದು ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಹೇಳಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ಅದರ ಹಟ ಎಂಥದ್ದೆಂದು ಫೋರ್ಟ್ ಕಾಲಿನ್ಸ್‌ನವರು ಸ್ವತಃ ಕಂಡರು. 1985ರಲ್ಲಿ ಅಲ್ಲಿನ ಪ್ರಾಣಿಗಳನ್ನೆಲ್ಲ ತೆಗೆದು, ನೆಲಕ್ಕೆ ಕ್ಲೋರಿನ್ ಹಾಕಿ, ವರ್ಷಕ್ಕೂ ಮೀರಿ ಖಾಲಿ ಬಿಟ್ಟರು. ಮತ್ತೆ ಪ್ರಾಣಿಗಳನ್ನು ತಂದಾಗ ರೋಗವೂ ಮರಳಿತು.

ಅಷ್ಟರೊಳಗೆ, 1981ರಲ್ಲಿ, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಕಾಡು ಎಲ್ಕ್‌ನಲ್ಲೂ ಅದು ಕಂಡಿತ್ತು. ಮುಂದೆ ಸಾಕಿದ ಎಲ್ಕ್‌ಗಳ ಜೊತೆ ಕೆನಡಾದಿಂದ ದಕ್ಷಿಣ ಕೊರಿಯಾಕ್ಕೂ ಹೋಯಿತು. 2016ರಲ್ಲಿ ನಾರ್ವೆಯ ನೂರ್ಡ್‌ಫ್ಯೆಲ್ಲಾ ಬೆಟ್ಟದ ಕಾಡು ಹಿಮಸಾರಂಗದಲ್ಲಿ ಸಿಕ್ಕಿದಾಗ, ಆ ಪ್ರದೇಶದ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಹಿಂಡನ್ನೇ ಕೊಂದರು. ಇದನ್ನು ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿನಿ ಅತ್ತಿದ್ದಳು. ನಾನು ತಡೆಯಲಿಲ್ಲ.

ವಿಲಿಯಮ್ಸ್ 2004ರ ಡಿಸೆಂಬರಿನಲ್ಲಿ, ಇದೇ ರೋಗದ ಮೇಲೆ ಜೊತೆಗೆ ದುಡಿದ ಪತಿ ಟಾಮ್ ಥಾರ್ನ್ ಅವರೊಂದಿಗೆ, ಕೊಲೊರಾಡೊದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮನುಷ್ಯರಿಗೆ ಈ ರೋಗ ತಗುಲಿದ್ದು ಈವರೆಗೆ ಸಾಬೀತಾಗಿಲ್ಲ. ಆದರೂ ಆ ರಾಜ್ಯದ ಎಷ್ಟೋ ಬೇಟೆಗಾರರು ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವತನಕ ಮಾಂಸವನ್ನು ಮುಟ್ಟದೆ ಫ್ರೀಜರಿನಲ್ಲಿಡುತ್ತಾರೆ.