ಪ್ಲೇಗು, ಕರೆಂಟು, ಕೊರೊನಾ, ಎಐ

ಈಗ ಎಲ್ಲಿ ನೋಡಿದ್ರೂ ಎಐ ಎಐ ಅಂತಾರೆ. ಕೊರೊನಾ ಬಂದ್ಮೇಲೆ ಹುಟ್ಟಿದ್ದು ಅಂತ್ಲೇ ಸುಮಾರು ಜನ ಅಂದ್ಕೊಂಡವ್ರೆ. ಹಂಗಲ್ಲ ಕಣ್ರವ್ವ. 1956ರಲ್ಲೇ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ವಾಂಸರು ಸೇರಿ ಅದೇ ಹೆಸರಲ್ಲಿ ಸಭೆ ಮಾಡಿದ್ರು. ಕೊರೊನಾ ಮಾಡಿದ್ದು ಏನಂದ್ರೆ, ಮೂಲೇಲಿ ತಯಾರಾಗಿ ಕೂತಿದ್ದನ್ನ ಕೈಹಿಡಿದು ಎಳ್ಕೊಂಡು ಬಂತು.

ಮಹಾಮಾರಿ ಯಾವಾಗ್ಲೂ ಹಿಂಗೇ. 1896ರಲ್ಲಿ ಬೊಂಬಾಯಿಗೆ ಹಡಗಿನ ದಾರೀಲಿ ಬಂದ ಪ್ಲೇಗು 1898ಕ್ಕೆ ಬೆಂಗ್ಳೂರು ಮುಟ್ತು. ಆಗ ಮೈಸೂರು ರಾಜ್ಯ ನೋಡ್ಕೋತಿದ್ದೋರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಪ್ಲೇಗಿಗಿಂತ ಮುಂಚೇನೇ ಇತ್ತು. ಇಕ್ಕಟ್ಟು ಪೇಟೆ ಬಿಟ್ಟು ಜನ ಆ ಕಡೆ ಹೋಗೋ ಹಂಗೆ ಮಾಡಿದ್ದು ಪ್ಲೇಗು.

ಕೊರೊನಾ ಕಾಲಕ್ಕೂ ಬೆಂಗ್ಳೂರಲ್ಲೇ ಒಂದು ಉದಾಹರಣೆ ಐತೆ. ಗೀತಾ ಮಂಜುನಾಥ್ ಅನ್ನೋ ಹೆಣ್ಣುಮಗಳು ಶುರುಮಾಡಿದ ನಿರಾಮಯ್ ಅನ್ನೋ ಕಂಪನಿ, ಮೈಯ ಕಾವಿನ ಚಿತ್ರವನ್ನ ಎಐ ಕೈಲಿ ಓದ್ಸಿ ಸ್ತನ ಕ್ಯಾನ್ಸರಿನ ಸುಳಿವು ಹುಡುಕ್ತಿತ್ತು. 2020ರಲ್ಲಿ ಅದೇ ವಿದ್ಯೆಯನ್ನ ಜ್ವರ ಇರೋರನ್ನ ಗುರುತಿಸೋಕೆ ತಿರುಗಿಸಿದ್ರು. 2021ರ ಎರಡನೇ ಅಲೇಲಿ ಟಾಟಾ ಇನ್‌ಸ್ಟಿಟ್ಯೂಟಿನ ಆರ್ಟ್‌ಪಾರ್ಕ್ ಜೊತೆ ಸೇರಿ 'ಎಕ್ಸ್‌ರೇ ಸೇತು' ತಂದ್ರು. ಹಳ್ಳಿ ಡಾಕ್ಟರು ಎದೆ ಎಕ್ಸರೇನ ಫೋಟೊ ಹಿಡಿದು ವಾಟ್ಸಾಪಲ್ಲಿ ಕಳಿಸಿದ್ರೆ, ಸ್ವಲ್ಪ ಹೊತ್ತಿಗೇ ವರದಿ ಬರೋದು. ಎಕ್ಸರೇ ಓದೋ ತಜ್ಞರು ಹಳ್ಳೀಲಿ ಎಲ್ಲವ್ರೆ ಹೇಳಿ?

ಮಾಡಿದೋರೇ ಕೊಟ್ಟ ಲೆಕ್ಕ ಕೇಳಿ. ಕಾಯಿಲೆ ಇರೋ 100 ಜನದಲ್ಲಿ ಹತ್ತತ್ರ 99 ಜನರನ್ನ ಅದು ಹಿಡಿಯೋದು. ಆದ್ರೆ ಕಾಯಿಲೆ ಇಲ್ದಿರೋ 100 ಜನದಲ್ಲಿ ಸುಮಾರು 25 ಜನರ ಮೇಲೂ ಅನುಮಾನ ಪಡೋದು. ಅನುಮಾನ ಪಡೋದು ಮಿಷನ್ನಿನ ಕೆಲ್ಸ, ತೀರ್ಮಾನ ಡಾಕ್ಟರದು.

ಇನ್ನೊಂದು ಮಾತು ಮರೀಬಾರ್ದು. ಅದೇ ಕಾಲದಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ಬಾಗ್ಲು ತಟ್ಟಿದ್ರು. ವಯಸ್ಸಾದೋರು ಯಾರು, ಬಸುರಿ ಯಾರು, ಸಕ್ಕರೆ ಕಾಯಿಲೆ ಯಾರಿಗೈತೆ ಅಂತ 1.59 ಕೋಟಿ ಮನೆಗಳ ಲೆಕ್ಕ ಬರೆದ್ರು. ಯಾವ ಮಿಷನ್ನೂ ಬಾಗ್ಲು ತಟ್ಟೋಕೆ ಬರ್ಲಿಲ್ಲ. ಅವ್ರೇ 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಮುಷ್ಕರ ಮಾಡ್ಬೇಕಾಯ್ತು. ಎಐ ಬೆಳೆದ ಕಥೆ ಹೇಳೋರು ಈ ಕಥೇನೂ ಜೊತೆಗೇ ಹೇಳ್ಬೇಕು.

ನಮ್ಮ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಹುಟ್ಟಿದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗ್ಳೂರು ಬೀದಿಗೆ. ತಂತಿ ದಾಟಿಹೋದ ಹಳ್ಳಿಗಳಲ್ಲಿ ಬುಡ್ಡಿದೀಪಾನೇ ಉರೀತಿತ್ತು. ಹೊಸ ವಿದ್ಯೆ ದುಡ್ಡಿರೋ ಕಡೆಗೇ ಮೊದಲು ಹರಿಯೋದು. ಕೊರೊನಾ ಅವಸರದಲ್ಲಿ ಅದು ಒಂದ್ಸಲ ಹಳ್ಳಿ ಡಾಕ್ಟರ ಫೋನಿಗೂ ಬಂತು. ಅವಸರ ಇಲ್ದಿರೋವಾಗ್ಲೂ ಬರ್ಲಿ ಅಂತ ಕೇಳೋ ಹಕ್ಕು ನಮಗೈತೆ.

ಮುಂದೆ ಯಾವಾಗ್ಲಾದ್ರೂ ಎಕ್ಸರೇ ತೆಗೆಸಿದ್ರೆ ಸುಮ್ನೆ ಬರ್ಬೇಡಿ. ಇದನ್ನ ಮಿಷನ್ ನೋಡ್ತೋ, ಡಾಕ್ಟರು ನೋಡಿದ್ರೋ, ಇಬ್ರೂ ನೋಡಿದ್ರೋ ಅಂತ ಕೇಳ್ಕೊಂಡೇ ಬನ್ನಿ.