ಲಿಂಕನ್ನನ ಎರಡನೆಯ ಜೊತೆಗಾರ

ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುವವನು ಒಬ್ಬನೇ ಕಣಕ್ಕೆ ಇಳಿಯುವುದಿಲ್ಲ. ಉಪಾಧ್ಯಕ್ಷ ಪದವಿಯ ಉಮೇದುವಾರನೊಬ್ಬನು ಅವನ ಜೊತೆಗಿರುತ್ತಾನೆ. ಮತದಾರನು ಇಬ್ಬರನ್ನೂ ಒಟ್ಟಿಗೆ ಒಪ್ಪಬೇಕು, ಇಲ್ಲವೆ ಒಟ್ಟಿಗೆ ಬಿಡಬೇಕು. ಈ ಜೊತೆಗಾರನನ್ನು ಅಲ್ಲಿಯವರು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಕುದುರೆಯ ಜೂಜಿನಿಂದ ಬಂದ ಮಾತು ಅದು: ಗೆಲ್ಲಬೇಕಾದ ಕುದುರೆಗೆ ವೇಗ ಹಿಡಿಸಿಕೊಡಲೆಂದು ಅದೇ ಲಾಯದಿಂದ ಓಡಿಸುವ ಇನ್ನೊಂದು ಕುದುರೆಗೆ ಆ ಹೆಸರು. ಕನ್ನಡ ಮೇಷ್ಟರಾದ ನನಗೆ ಈ ಉಪಮೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಓಟ ಮುಗಿದ ಮೇಲೆ ಇಬ್ಬರೂ ನಾಲ್ಕು ವರ್ಷ ಒಂದೇ ನೊಗಕ್ಕೆ ಕೊರಳು ಕೊಡಬೇಕಾದವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ನಮ್ಮ ರೈತರ ಗಾದೆಯೇ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಎದುರು ಪಕ್ಷದವನನ್ನೇ ಕರೆತಂದು ಜೊತೆಗೆ ಕಟ್ಟಿಕೊಂಡಾಗಲಂತೂ ಇನ್ನೂ ಹೆಚ್ಚು. 2008ರಲ್ಲಿ ರಿಪಬ್ಲಿಕನ್ ಮೆಕೇನ್, ಹಿಂದೊಮ್ಮೆ ಡೆಮಾಕ್ರಾಟರ ಉಪಾಧ್ಯಕ್ಷ ಉಮೇದುವಾರನಾಗಿದ್ದ ಲೀಬರ್ಮನ್ನನನ್ನು ಬಯಸಿದ್ದನು, ಪಕ್ಷದವರು ಕೇಳಲಿಲ್ಲ. ಅಬ್ರಹಾಂ ಲಿಂಕನ್ನನ ಪಕ್ಷ 1864ರಲ್ಲಿ ಅದನ್ನು ಮಾಡಿಯೇ ತೋರಿಸಿತು.

ಆಗ ಅಂತರ್ಯುದ್ಧದ ನಾಲ್ಕನೆಯ ವರ್ಷ. ಜೂನ್ 3ರಂದು ವರ್ಜೀನಿಯದ ಕೋಲ್ಡ್ ಹಾರ್ಬರಿನಲ್ಲಿ ಉತ್ತರದ ಸೈನಿಕರು ಸಾವಿರಗಟ್ಟಲೆಯಾಗಿ ಬಿದ್ದರು. ನಾಲ್ಕು ದಿನಗಳ ತರುವಾಯ ಬಾಲ್ಟಿಮೋರ್ ನಗರದ ಒಂದು ನಾಟಕಶಾಲೆಯಲ್ಲಿ ರಿಪಬ್ಲಿಕನ್ನರ ಅಧಿವೇಶನ ಸೇರಿತು. ಸೇರಿದ್ದು ಆ ಹೆಸರಿನಲ್ಲಲ್ಲ. ‘ರಾಷ್ಟ್ರೀಯ ಐಕ್ಯ ಪಕ್ಷ’ ಎಂಬ ಹೊಸ ಅಂಗಿ ತೊಟ್ಟು. ಯುದ್ಧವನ್ನು ಬೆಂಬಲಿಸುವ ಡೆಮಾಕ್ರಾಟರು ಮುಜುಗರವಿಲ್ಲದೆ ಒಳಗೆ ಬರಲಿ ಎಂದು ಈ ವೇಷ. ಲಿಂಕನ್ನನ ಹೆಸರಿಗೆ ತಕರಾರು ಹೆಚ್ಚಿರಲಿಲ್ಲ. ಪ್ರಶ್ನೆ ಇದ್ದದ್ದು ಎರಡನೆಯ ಹೆಸರಿನದು.

ಉಪಾಧ್ಯಕ್ಷನಾಗಿದ್ದವನು ಮೇನ್ ರಾಜ್ಯದ ಹ್ಯಾನಿಬಲ್ ಹ್ಯಾಮ್ಲಿನ್. ಗುಲಾಮಗಿರಿಯ ವಿಷಯದಲ್ಲಿ ಮನಸ್ಸು ಒಡೆದು ಡೆಮಾಕ್ರಾಟ್ ಪಕ್ಷವನ್ನು ಬಿಟ್ಟು ಬಂದವನು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬೇಕೆಂದು ವಾದಿಸಿದವನು. ಅವನಲ್ಲಿ ಯಾರೂ ಕೊರತೆ ಕಂಡಿರಲಿಲ್ಲ. ಆದರೆ ಮೇನ್ ಹೇಗೂ ಲಿಂಕನ್ನನ ಕೈಯಲ್ಲಿತ್ತು. ಕೈಯಲ್ಲಿರುವುದನ್ನು ತಂದುಕೊಡುವವನಿಗೆ ಚುನಾವಣೆಯ ಸಂತೆಯಲ್ಲಿ ಬೆಲೆಯಿಲ್ಲ.

ಆಂಡ್ರೂ ಜಾನ್ಸನ್ನನ ಕಥೆ ಬೇರೆ. ಉತ್ತರ ಕೆರೋಲಿನದ ಕಡುಬಡವರ ಮಗ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ದರ್ಜಿಯೊಬ್ಬನ ಬಳಿ ಜೀತಕ್ಕಿದ್ದು ಓಡಿಹೋಗಿ, ಟೆನೆಸ್ಸಿಯ ಗ್ರೀನ್‌ವಿಲ್ ಎಂಬ ಊರಿನಲ್ಲಿ ಅಂಗಡಿ ಹಾಕಿದ. ಬರವಣಿಗೆ ಲೆಕ್ಕಗಳನ್ನು ಅವನಿಗೆ ತಿದ್ದಿಸಿದವಳು ಹೆಂಡತಿ ಎಲೈಜಾ. ಮುಂದೆ ಡೆಮಾಕ್ರಾಟ್ ಪಕ್ಷದಿಂದ ಸೆನೆಟ್ ಸಭೆಗೆ ಬಂದ. 1861ರಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾದಾಗ ಅವುಗಳ ಸೆನೆಟರುಗಳಲ್ಲಿ ತನ್ನ ಸ್ಥಾನ ಬಿಡದೆ ಕುಳಿತವನು ಇವನೊಬ್ಬನೇ. ಅದಕ್ಕೆ ಎದೆಗಾರಿಕೆ ಬೇಕಿತ್ತು. ಅವನಿಗೆ ಅದು ಇತ್ತು. ಮರುವರ್ಷ ಲಿಂಕನ್ ಅವನನ್ನು ಟೆನೆಸ್ಸಿಯ ಸೈನಿಕ ರಾಜ್ಯಪಾಲನನ್ನಾಗಿ ಮಾಡಿದ. ಇಂಥವನ ಹೆಸರು ಹಾಕಿದರೆ ಡೆಮಾಕ್ರಾಟರ ಮತವೂ ಬರುತ್ತದೆ, ದೇಶ ಒಡೆದಿಲ್ಲವೆಂದು ಲೋಕಕ್ಕೆ ಸಾರಿದಂತೆಯೂ ಆಗುತ್ತದೆ. ಮೊದಲ ಎಣಿಕೆಯಲ್ಲಿ ಜಾನ್ಸನ್ನನಿಗೆ 200, ಹ್ಯಾಮ್ಲಿನ್ನನಿಗೆ 150, ನ್ಯೂಯಾರ್ಕಿನ ಡಿಕಿನ್ಸನ್ನನಿಗೆ 108. ಫಲಿತಾಂಶ ಸಾರುವ ಮೊದಲೇ ರಾಜ್ಯದ ಮೇಲೆ ರಾಜ್ಯ ಗೆಲ್ಲುವವನ ಕಡೆಗೆ ಹೊರಳಿತು.

ಇದು ಲಿಂಕನ್ನನದೇ ಕೈವಾಡವೇ? 1891ರಲ್ಲಿ ಹ್ಯಾಮ್ಲಿನ್ ತೀರಿಕೊಂಡಾಗ ಈ ಪ್ರಶ್ನೆ ಪತ್ರಿಕೆಗಳಲ್ಲಿ ದೊಡ್ಡ ಜಗಳವಾಯಿತು. ಪೆನ್ಸಿಲ್ವೇನಿಯದ ಮೆಕ್ಲೂರ್ ಹೌದೆಂದ. ಲಿಂಕನ್ನನ ಕಾರ್ಯದರ್ಶಿಯಾಗಿದ್ದ ನಿಕೊಲೇ ಖಂಡಿತ ಅಲ್ಲವೆಂದ. ಉಪಾಧ್ಯಕ್ಷನ ವಿಷಯದಲ್ಲಿ ತಾನು ಕೈಹಾಕುವುದಿಲ್ಲ, ಅಧಿವೇಶನವೇ ತೀರ್ಮಾನಿಸಲಿ ಎಂದು ಲಿಂಕನ್ ಬರೆದ ಟಿಪ್ಪಣಿಯಂತೂ ಉಳಿದಿದೆ. ನನ್ನ ಮಟ್ಟಿಗೆ ಆ ಟಿಪ್ಪಣಿ ಸಾಕು. ಒಂದು ಮಾತು ಆಡಿದ್ದರೆ ಹ್ಯಾಮ್ಲಿನ್ ಉಳಿಯುತ್ತಿದ್ದ. ಆ ಮಾತನ್ನು ಅವನು ಆಡಲಿಲ್ಲ. ಅಧಿಕಾರದಲ್ಲಿರುವವನ ಮೌನವೂ ಒಂದು ಆಯ್ಕೆಯೇ.

ಲಿಂಕನ್ನನಿಗೆ ಅನ್ಯಾಯ ಮಾಡಬಾರದು. ಆಗಸ್ಟ್ 23ರಂದು ಅವನು ತಾನು ಬಹುಶಃ ಸೋಲುವೆನೆಂದು ಒಂದು ಹಾಳೆಯಲ್ಲಿ ಬರೆದು, ಮಡಿಸಿ, ಮಂತ್ರಿಗಳಿಗೆ ಓದಗೊಡದೆ ಅದರ ಬೆನ್ನಿನ ಮೇಲೆ ಸಹಿ ಹಾಕಿಸಿಕೊಂಡ. ಅಂಥ ಕಾಲದಲ್ಲಿ ಒಂದೊಂದು ಮತವನ್ನೂ ಲೆಕ್ಕ ಹಾಕುವುದು ಸಹಜ. ಸೆಪ್ಟೆಂಬರ್ ಆರಂಭದಲ್ಲಿ ಅಟ್ಲಾಂಟ ನಗರ ಕೈವಶವಾಯಿತು, ಗಾಳಿ ತಿರುಗಿತು. ನವೆಂಬರಿನಲ್ಲಿ ಲಿಂಕನ್ನನಿಗೆ 212 ಚುನಾಯಕ ಮತಗಳು, ಎದುರಾಳಿ ಮೆಕ್ಲೆಲನ್ನನಿಗೆ 21. ಜಾನ್ಸನ್ನನ ಸ್ವಂತ ಟೆನೆಸ್ಸಿಯ ಮತಗಳನ್ನು ಕಾಂಗ್ರೆಸ್ ಎಣಿಕೆಗೇ ತೆಗೆದುಕೊಳ್ಳಲಿಲ್ಲ!

ಇಲ್ಲಿ ನಮ್ಮ ವಾಚಕರು ಒಂದು ಭೇದವನ್ನು ಗಮನಿಸಬೇಕು. 1977ರಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ನಮ್ಮ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿ ಐದು ತಿಂಗಳು ನಡೆಸಿ, ಚುನಾವಣೆಯಾದೊಡನೆ ಸ್ಥಾನ ಬಿಟ್ಟುಕೊಟ್ಟರು. ನಮ್ಮ ಸಂವಿಧಾನ ಅಷ್ಟೇ ಕೊಡುತ್ತದೆ. ಅಮೆರಿಕದಲ್ಲಿ ಹಾಗಲ್ಲ, ಉಪಾಧ್ಯಕ್ಷನು ಉಳಿದ ಅವಧಿಗೆಲ್ಲ ಅಧ್ಯಕ್ಷನೇ. 1841ರಲ್ಲಿ ಹ್ಯಾರಿಸನ್ ಒಂದೇ ತಿಂಗಳಲ್ಲಿ ಸತ್ತು, ಹಿಂದೆ ಡೆಮಾಕ್ರಾಟನಾಗಿದ್ದ ಟೈಲರ್ ಆ ಪೀಠವೇರಿ, ತನ್ನನ್ನು ಗೆಲ್ಲಿಸಿದ ವಿಗ್ ಪಕ್ಷದ ಮಸೂದೆಗಳನ್ನೇ ತಳ್ಳಿಹಾಕಿದ್ದ. ಪಕ್ಷ ಅವನನ್ನು ಹೊರಹಾಕಿತು, ಪೀಠದಿಂದ ಇಳಿಸಲಾಗಲಿಲ್ಲ. ಅದಾಗಿ 23 ವರ್ಷ ಕಳೆದಿರಲಿಲ್ಲವೇ? ಬಾಲ್ಟಿಮೋರಿನಲ್ಲಿ ಆ ನೆನಪಿಗೆ ಬೆಲೆ ಬರಲಿಲ್ಲ.

1865ರ ಮಾರ್ಚ್ 4ರಂದು ಜ್ವರದಿಂದೆದ್ದು ಬಂದಿದ್ದ ಜಾನ್ಸನ್, ಹ್ಯಾಮ್ಲಿನ್ನನ ಕೊಠಡಿಯಲ್ಲೇ ವಿಸ್ಕಿ ಕುಡಿದು, ಪ್ರಮಾಣವಚನದ ಸಭೆಯಲ್ಲಿ ತೊದಲಿ ನಗೆಪಾಟಲಾದ. ಅದು ಕ್ಷಮಿಸಬಹುದಾದದ್ದು. ಆರು ವಾರಗಳ ಮೇಲೆ ಲಿಂಕನ್ ಗುಂಡಿಗೆ ಬಲಿಯಾದ. ಬಿಡುಗಡೆಯ ಹೊಸ್ತಿಲಲ್ಲಿ ನಿಂತಿದ್ದ ನಲವತ್ತು ಲಕ್ಷ ಗುಲಾಮರ ಹಣೆಬರಹ ಈ ಎರಡನೆಯ ಹೆಸರಿನ ಕೈಗೆ ಬಿತ್ತು. ಹಿಂದಿನ ಅಕ್ಟೋಬರಿನಲ್ಲಿ ಇದೇ ಜಾನ್ಸನ್ ನ್ಯಾಶ್‌ವಿಲ್ಲಿನಲ್ಲಿ ಕಪ್ಪು ಜನರ ದೊಡ್ಡ ಗುಂಪಿನೆದುರು, ನಿಮಗೆ ನಾನೇ ಮೋಸೆಸ್ ಆಗುತ್ತೇನೆಂದು ಮಾತು ಕೊಟ್ಟಿದ್ದ. ಅವನಿಗೆ ದ್ವೇಷವಿದ್ದದ್ದು ದೇಶ ಒಡೆದ ಜಮೀನ್ದಾರರ ಮೇಲೆ. ಕಪ್ಪು ಮನುಷ್ಯನನ್ನು ತನ್ನ ಸಮಾನನೆಂದು ಅವನು ಎಂದೂ ಎಣಿಸಿರಲಿಲ್ಲ. ಐಕ್ಯದ ಪ್ರಶ್ನೆಯಲ್ಲಿ ಲಿಂಕನ್ನನ ಜೊತೆ ಹೆಜ್ಜೆ ಹಾಕಿದವನು, ಯುದ್ಧ ಮುಗಿದು ಐಕ್ಯ ಸಾಧಿಸಿದೊಡನೆ ತನ್ನ ಹಳೆಯ ದಾರಿ ಹಿಡಿದ. 1866ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ತಿರಸ್ಕರಿಸಿದ. ಕಾಂಗ್ರೆಸ್ ಅವನನ್ನು ಮೀರಿ ಅದನ್ನು ಕಾಯಿದೆ ಮಾಡಬೇಕಾಯಿತು. 1868ರ ಮಹಾಭಿಯೋಗದಲ್ಲಿ ಸೆನೆಟಿನ 35 ಮತ ಅವನ ವಿರುದ್ಧ, 19 ಪರ. ಇನ್ನೊಂದು ಬಿದ್ದಿದ್ದರೆ ಪದಚ್ಯುತನಾಗುತ್ತಿದ್ದ.

ಚರಿತ್ರೆಯ ಪುಸ್ತಕಗಳು ಆ ಒಂದು ಮತದ ಕಥೆಯನ್ನು ಬಲು ರಸವತ್ತಾಗಿ ಹೇಳುತ್ತವೆ. ನನ್ನ ಮನಸ್ಸು ನಿಲ್ಲುವುದು ಅದಕ್ಕಿಂತ ಮುಂಚಿನ ಒಂದು ಸಭೆಯ ಬಳಿ. ಲಿಂಕನ್ ಇದ್ದಾಗಲೇ, 1865ರ ಜನವರಿಯಲ್ಲಿ, ಸೇನಾಪತಿ ಶೆರ್ಮನ್ ದಕ್ಷಿಣದ ಕಡಲತೀರದ ಜಮೀನನ್ನು ಬಿಡುಗಡೆ ಹೊಂದಿದ ಗುಲಾಮರಿಗೆ, ಕುಟುಂಬಕ್ಕೆ 40 ಎಕರೆ ಮೀರದಂತೆ, ಹಂಚಲು ಅಪ್ಪಣೆ ಮಾಡಿದ್ದ. ಸುಮಾರು 40,000 ಜನ ಅಲ್ಲಿ ನೆಲೆಯೂರಿದ್ದರು. ಜಾನ್ಸನ್ ಹಳೆಯ ಒಡೆಯರನ್ನು ಕ್ಷಮಿಸಿ, ಜಮೀನು ಅವರಿಗೇ ಮರಳಲಿ ಎಂದ. ಅದನ್ನು ತಿಳಿಸಲು ಅಕ್ಟೋಬರಿನಲ್ಲಿ ಸೇನಾಪತಿ ಹೊವರ್ಡ್ ದಕ್ಷಿಣ ಕೆರೋಲಿನದ ಎಡಿಸ್ಟೊ ದ್ವೀಪಕ್ಕೆ ಹೋಗಬೇಕಾಯಿತು. ಜನ ಚರ್ಚಿನಲ್ಲಿ ಕಿಕ್ಕಿರಿದಿದ್ದರು. ವಿಷಯ ಕೇಳಿ ಗದ್ದಲವೆದ್ದಿತು. ಹೊವರ್ಡನಿಗೆ ಮಾತು ಮುಂದುವರಿಸಲಾಗಲಿಲ್ಲ. ಆಮೇಲೆ ಆ ಜನ ತಮ್ಮಲ್ಲೇ ಒಂದು ಸಮಿತಿ ಮಾಡಿಕೊಂಡು, ಉತ್ತ ನೆಲ ತಮಗೇ ಉಳಿಯಲೆಂದು ಎರಡು ಅರ್ಜಿ ಬರೆಸಿದರು: ಒಂದು ಹೊವರ್ಡನಿಗೆ, ಇನ್ನೊಂದು ಅಧ್ಯಕ್ಷ ಆಂಡ್ರೂ ಜಾನ್ಸನ್ನನಿಗೆ.